ನಲವತ್ತು ನಿಮಿಷದ ನಡೆ

"ಇದು ಕೆಟ್ಟೋಗೈತೆ ಕಣ್ರೀ," ಎಂದು ಮಂಗಳ ಚೆಸ್ ಬೋರ್ಡಿನ ಮುಂದಿನಿಂದ ಎದ್ದಳು.

"ಇಲ್ಲ, ಯೋಚಿಸ್ತಿದೆ," ಎಂದ ಕಸ್ತೂರಿರಂಗ. "ಒಂದು ನಡೆಗೆ ನಲವತ್ತು ನಿಮಿಷ."

ಅವಳು ನಕ್ಕು ಮತ್ತೆ ಕೂತಳು.

ಅದು ಎಪ್ಪತ್ತೆಂಟನೇ ಇಸವಿ. ಅವನು ಮಂಡ್ಯದ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವಳು ಮದ್ದೂರಿನ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು, ಆತಗೂರಿನ ಶಿವಣ್ಣನವರ ಮಗಳು. ಅಧ್ಯಾಪಕರ ಚೆಸ್ ಪಂದ್ಯದಲ್ಲಿ ತನ್ನನ್ನು ಸೋಲಿಸಿದವಳನ್ನು ಅವನೇ ಮನೆಗೆ ಕರೆದಿದ್ದ, ಚಿಕ್ಕಪ್ಪ ಅಮೆರಿಕದಿಂದ ತಂದ ಪುಸ್ತಕದಗಲದ ಕಂಪ್ಯೂಟರ್ ಜೊತೆ ಆಡಲು. ಅಲ್ಲಿನ ಕೋಣೆ ತುಂಬುವ ಕಂಪ್ಯೂಟರುಗಳು ಒಮ್ಮೆ ಲೆಕ್ಕ ಹಾಕಿದ ಕಾಯಿಗಳ ಸ್ಥಿತಿಯನ್ನು ನೆನಪಿಟ್ಟುಕೊಂಡು ವೇಗವಾಗಿ ಆಡುತ್ತಿದ್ದವು. ಇದಕ್ಕೆ ಅಷ್ಟು ನೆನಪೆಲ್ಲಿ?

ಅವಳು ಪ್ರತಿ ಭಾನುವಾರ ಬರತೊಡಗಿದಳು. ಯಂತ್ರ ಯೋಚಿಸುವಾಗ ಇಬ್ಬರೂ ಬೇಯಿಸಿದ ಅವರೆಕಾಯಿ ಸುಲಿಯುತ್ತ ಮಾತಾಡುತ್ತಿದ್ದರು. ಅವನು ಮಾತು ಮರೆತು ಅವಳ ಬೆರಳುಗಳನ್ನೇ ನೋಡುತ್ತಿದ್ದ; ಅದು ಗೊತ್ತಾದಾಗ ಅವಳು ಬೇಕೆಂದೇ ನಿಧಾನವಾಗಿ ಸುಲಿಯುತ್ತಿದ್ದಳು.

"ಇಡೀ ಬೋರ್ಡು ಯಾಕ್ ನೆನಪಿಡ್ಬೇಕು ಮೇಷ್ಟ್ರೇ? ಒಂದೊಂದು ಸ್ಥಿತಿಗೂ ಒಂದೊಂದು ನಂಬರ್ ಕೊಟ್ಬುಡಿ. ಹಳೇದನ್ನ ಅಳಿಸ್ತಾ ಹೋಗ್ಲಿ," ಎಂದಳು ಒಂದು ದಿನ.

ಆ ಉಪಾಯವನ್ನು ಯಂತ್ರದೊಳಗೆ ಹಿಡಿಸಲು ನಾಲ್ಕು ತಿಂಗಳಾಯಿತು. ಕೊನೆಗೆ ಮೂರೇ ನಿಮಿಷದಲ್ಲಿ ಉತ್ತರ ಬಂದಾಗ ಅವನು ಹಿಗ್ಗಿದ. ಅವಳು ಹಿಗ್ಗಲಿಲ್ಲ.

"ಇನ್ ಕಾಯೋದೇ ಇಲ್ಲ, ಅಲ್ವಾ," ಎಂದಳಷ್ಟೇ.

ಅವನಿಗೆ ಅರ್ಥವಾಯಿತು. ಆದರೂ ಅವಳ ಮುಂದಿನ ನಡೆಯನ್ನು ಯಂತ್ರಕ್ಕೆ ಒತ್ತಿದ.

ಮಾಘದಲ್ಲಿ ಅವಳ ಕಾಗದ ಬಂತು: ಮಳವಳ್ಳಿಯ ಕಡೆ ಮದುವೆ ಗೊತ್ತಾಗಿದೆ, ಈ ಭಾನುವಾರ ಕಡೆಯ ಆಟ.

ಅಂದು ಅವಳ ಮೊದಲ ನಡೆಗೆ ಹತ್ತು ನಿಮಿಷವಾದರೂ ಉತ್ತರವಿಲ್ಲ.

"ಯಾಕೆ ನಿಧಾನ?"

"ನೀವು ಹೇಳಿಕೊಟ್ಟದ್ದನ್ನ ತೆಗೆದುಬಿಟ್ಟೆ. ನೀವು ಇನ್ನೂ ಸ್ವಲ್ಪ ಹೊತ್ತು ಇರಬೇಕು ಅಂತ."

ಅವಳು ಅವರೆಕಾಯಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ದೀಪಾವಳೀಲಿ ಅಪ್ಪ ಕೇಳಿದ್ರು, ಮನಸ್ಸಲ್ಲಿ ಯಾರಾದ್ರೂ ಅವ್ರಾ ಅಂತ. ನೀವೊಂದ್ ಮಾತಾಡಿದ್ರೆ ಹೂಂ ಅಂತಿದ್ದೆ."

"ಈಗ ಬಂದು ಕೇಳಲೇ?"

"ನಾನು ಕಾಫಿ ಕುಡಿದ ಲೋಟಾನ ನಿಮ್ಮಮ್ಮ ಹಿತ್ಲ ಕಲ್ಲಿನ ಮೇಲೆ ಬೇರೆ ಇಡ್ತಾರೆ. ಒಂದ್ ವರ್ಷ ನೋಡ್ಕೊಂಡು ಸುಮ್ನಿದ್ರಲ್ಲ. ಈಗ ತಾಂಬೂಲ ಬದಲಾಗೋಗೈತೆ."

ಅವನು ತಲೆತಗ್ಗಿಸಿದ. ಒಳಗೆ ಅವನ ಅಮ್ಮ ಗೋದಮ್ಮ ಪಾತ್ರೆ ಜೋಡಿಸುವ ಸದ್ದು ನಿಂತಿತು.

ಯಂತ್ರದ ನಡೆ ಕೆಂಪು ಅಂಕಿಗಳಲ್ಲಿ ಹೊತ್ತಿಕೊಂಡಿತು. ಮಂಗಳ ಅದರ ಕುದುರೆಯನ್ನು ಎತ್ತಿಟ್ಟಳು, ತನ್ನ ನಡೆಯನ್ನೂ ಆಡಿದಳು. "ಬಸ್ಸಿಗೆ ಹೊತ್ತಾಯ್ತು, ಬತ್ತೀನಿ," ಎಂದು ಹೊರಟಳು.

ಆ ನಡೆಯನ್ನು ಅವನು ಯಂತ್ರಕ್ಕೆ ತಿಳಿಸಲೇ ಇಲ್ಲ.