ಚಿಲ್ಲರ್ ಒಡೆದ ಕೈ

ಬೆಳಿಗ್ಗೆ ಷೆಡ್ಡಿನ ಬಾಗಿಲು ತೆಗೆದ ಕಾವಲುಗಾರ ಕೂಗಿಕೊಳ್ಳಲಿಲ್ಲ. ಹೊರಗೆ ಬಂದು ಎಣ್ಣೆ ಪ್ಲಾಂಟಿನ ಒಡತಿಗೆ ಫೋನ್ ಮಾಡಿದ. ಒಳಗೆ ಹೊಸ ಚಿಲ್ಲರ್ ಯಂತ್ರವನ್ನು ಯಾರೋ ಬಡಿದು ಹಾಕಿದ್ದರು. ತಾಮ್ರದ ಕೊಳವೆಗಳು ಕರುಳಿನಂತೆ ಹೊರಗೆ ಬಂದಿದ್ದವು. ಮೀಟರುಗಳ ಗಾಜು ಪುಡಿಪುಡಿ. ಪಕ್ಕದಲ್ಲೇ ಒಂದು ದೊಡ್ಡ ಸ್ಪ್ಯಾನರ್ ಬಿದ್ದಿತ್ತು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ತಗಡಿನ ಚಾವಣಿ ಕಾದು ಕೆಂಡವಾಗಿತ್ತು. ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಇಷ್ಟು ವರ್ಷದ ಕೆಲಸದಲ್ಲಿ ಒಡೆದ ತಲೆ ನೋಡಿದ್ದರು, ಒಡೆದ ಬೀಗ ನೋಡಿದ್ದರು, ಒಡೆದ ಮನೆಗಳನ್ನೂ ನೋಡಿದ್ದರು. ಒಡೆದ ಯಂತ್ರಕ್ಕೆ ಪಂಚನಾಮೆ ಬರೆಯುವುದು ಇದೇ ಮೊದಲು.

"ಇದು ಏನು ಕೆಲಸ ಮಾಡುತ್ತಮ್ಮಾ?" ಎಂದು ಪ್ಲಾಂಟಿನ ಒಡತಿಯನ್ನು ಕೇಳಿದರು.

"ಸೂರ್ಯಕಾಂತಿ ಎಣ್ಣೇಲಿ ಮೇಣ ಇರುತ್ತೆ ಸಾರ್. ಎಣ್ಣೆನ ನಿಧಾನಕ್ಕೆ ತಣ್ಣಗೆ ಮಾಡಿದ್ರೆ ಅದು ಗಟ್ಟಿಯಾಗುತ್ತೆ. ಆಮೇಲೆ ಸೋಸಿ ತೆಗೀತೀವಿ. ಇದಿಲ್ಲದೆ ಪ್ಲಾಂಟ್ ಇಲ್ಲ." ಅವಳ ದನಿ ಒಣಗಿತ್ತು. "ನಾಳೆ ಎಣ್ಣೆ ಕೊಳ್ಳೋ ಕಂಪನಿಯವರು ನೋಡೋಕೆ ಬರ್ತಿದ್ರು."

"ನಿನ್ನೆ ಸಂಜೆವರೆಗೂ ಚೆನ್ನಾಗೇ ಓಡ್ತಿತ್ತು," ಎಂದ ಅವಳ ತಮ್ಮ. ಯಂತ್ರಗಳನ್ನೆಲ್ಲ ಓಡಾಡಿ ತಂದವನು ಅವನೇ. "ಇದೆಲ್ಲ ಆ ಗೊಣಗಪ್ಪನ ಕೆಲಸ."

ಗೊಣಗಪ್ಪ ಅಂದರೆ ಫಿಟರ್. ಕೊಳವೆ ಜೋಡಿಸುವಾಗಲೂ ಬಿಚ್ಚುವಾಗಲೂ ಗೊಣಗುತ್ತಲೇ ಇರುತ್ತಿದ್ದುದರಿಂದ ಕೆಲಸಗಾರರು ಇಟ್ಟ ಹೆಸರು. ಹಿಂದಿನ ದಿನ ತಮ್ಮನಿಗೂ ಅವನಿಗೂ ಜೋರು ಜಗಳವಾಗಿತ್ತು. ತಮ್ಮ ಅವನನ್ನು ನಿಂತ ಕಾಲಲ್ಲೇ ಕೆಲಸದಿಂದ ತೆಗೆದಿದ್ದ. ಸ್ಪ್ಯಾನರ್ ಅವನದೇ.

"ಈ ಡಬ್ಬಾನ ಒಡೆದು ಹಾಕ್ಬೇಕು ಅಂತ ಕೂಗಾಡ್ದ ಸಾರ್. ಎಲ್ಲರೂ ಕೇಳಿದ್ದಾರೆ," ಎಂದ ತಮ್ಮ.

ಇನ್ಸ್‌ಪೆಕ್ಟರ್ ಮಂಡಿ ಹಿಡಿದುಕೊಂಡು ಕೂತು ಯಂತ್ರದ ಸುತ್ತ ನೋಡಿದರು. ಮಗ್ಗುಲಲ್ಲಿ ಆಯತಾಕಾರದ ಒಂದು ಬರಿಯ ಜಾಗ. ಮೂಲೆಗಳಲ್ಲಿ ಖಾಲಿ ತೂತುಗಳು.

"ಇಲ್ಲೇನಿತ್ತು?"

"ಕಂಪನಿ ಹೆಸರಿನ ತಗಡು ಇರ್ಬೇಕು," ಎಂದ ತಮ್ಮ. "ಬಡಿಯೋವಾಗ ಹಾರಿಹೋಗಿರುತ್ತೆ."

ಕಾನ್‌ಸ್ಟೆಬಲ್ ಮೂಲೆಮೂಲೆ ಹುಡುಕಿದ. ತಗಡು ಸಿಗಲಿಲ್ಲ.

* * *

ಫಿಟರ್‌ನನ್ನು ಮನೆಯಿಂದಲೇ ಜೀಪಿಗೆ ಹತ್ತಿಸಿದರು. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತ್ತು. ಅವನ ಹೆಂಡತಿ ಜೀಪಿನ ಹಿಂದೆಯೇ ನಡೆದು ಬಂದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಳು. ಏಳಲಿಲ್ಲ.

"ಬೈದಿದ್ದು ಹೌದು," ಎಂದ ಫಿಟರ್. "ಅದು ಒಂದು ದಿನಾನೂ ತಣ್ಣಗೆ ಮಾಡ್ಲಿಲ್ಲ ಸಾರ್. ಸುಮ್ನೆ ಬುಸುಗುಡ್ತಿತ್ತು. ಪ್ಲಾಂಟಿನ ಅಕ್ಕಂಗೆ ಹೇಳ್ತೀನಿ ಅಂದೆ. ಅಷ್ಟಕ್ಕೇ ಹೊರಗೆ ಹಾಕಿದ್ರು. ಸಾಮಾನಿನ ಪೆಟ್ಟಿಗೇನೂ ತಗೊಳ್ಳೋಕೆ ಬಿಡ್ಲಿಲ್ಲ."

"ಮತ್ತೆ ಅಕ್ಕಂಗೆ ಯಾಕೆ ಹೇಳ್ಲಿಲ್ಲ?"

"ಸಂಜೆ ಅವರು ಊರಲ್ಲಿರ್ಲಿಲ್ಲ. ಬೆಳಿಗ್ಗೆ ಹೇಳೋಣ ಅಂದ್ರೆ ನಿಮ್ಮ ಜೀಪು ಬಂತು."

ಇನ್ಸ್‌ಪೆಕ್ಟರ್ ಹೊರಗೆ ಬಂದರು. ಹೆಂಡತಿ ತಲೆಯೆತ್ತಿದಳು.

"ಸಾಹೇಬ್ರೇ, ಒಂದು ಸಲ ಪೊಲೀಸ್ ಕೇಸಾದ್ರೆ ಯಾವ ಫ್ಯಾಕ್ಟರಿಯವರು ಇವರನ್ನ ಒಳಗೆ ಬಿಡ್ತಾರೆ?"

ಅವರು ಗಡಿಯಾರ ನೋಡಿದರು. ನಾಳೆ ಸಂಜೆಯೊಳಗೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕು, ಇಲ್ಲವೇ ಬಿಡಬೇಕು.

* * *

ಎದುರು ಮಿಲ್ಲಿನ ಯಜಮಾನನಿಗೆ ಈ ಪ್ಲಾಂಟ್ ಕಂಡರೆ ಆಗುವುದಿಲ್ಲ ಎಂದು ಯಾರೋ ಹೇಳಿದರು. ಇನ್ಸ್‌ಪೆಕ್ಟರ್ ಬಿಸಿಲಲ್ಲೇ ರಸ್ತೆ ದಾಟಿದರು.

"ಮೊದಲು ಆಗ್ತಿರ್ಲಿಲ್ಲ," ಎಂದು ಯಜಮಾನ ನಕ್ಕ. "ಈಗ ನನ್ನ ಮಿಲ್ಲಿನ ಕಚ್ಚಾ ಎಣ್ಣೆಯನ್ನೆಲ್ಲ ಆಯಮ್ಮನೇ ತಗೋತಾಳೆ. ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ?"

ಆ ದಾರಿ ಅಲ್ಲಿಗೇ ಮುಚ್ಚಿತು. ಉಳಿದದ್ದು ಇಬ್ಬರ ಮಾತು. ಯಂತ್ರ ಓಡುತ್ತಿತ್ತು ಅನ್ನುತ್ತಾನೆ ಒಬ್ಬ. ಓಡಲೇ ಇಲ್ಲ ಅನ್ನುತ್ತಾನೆ ಇನ್ನೊಬ್ಬ. ಯಂತ್ರವೋ ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲ.

ಅವರು ಒಡತಿಯ ಆಫೀಸಿಗೆ ಹೋದರು. ಮೇಜಿನ ಮೇಲೆ ಬಿಸಿಲು ಬೀಳುವಲ್ಲಿ ಒಂದು ಗಾಜಿನ ಬಾಟಲಿ. ಒಳಗೆ ಬಂಗಾರದ ಬಣ್ಣದ ಎಣ್ಣೆ, ಕನ್ನಡಿಯಷ್ಟು ತಿಳಿ.

"ನಮ್ಮ ಮೊದಲ ಎಣ್ಣೆ," ಎಂದಳು ಒಡತಿ, ಪಕ್ಕದಲ್ಲಿ ನಿಂತಿದ್ದ ತಮ್ಮನ ಕಡೆ ನೋಡಿ. "ಮೊನ್ನೆ ಇವನೇ ಚಿಲ್ಲರ್‌ನಿಂದ ಇಳಿಸಿ, ಸೋಸಿ ತಂದ್ಕೊಟ್ಟ."

"ಇದನ್ನ ತಗೊಂಡು ಹೋಗ್ತೀನಿ."

"ಅದ್ಯಾಕೆ ಸಾರ್ ನಿಮಗೆ?" ಎಂದ ತಮ್ಮ, ಸ್ವಲ್ಪ ಬೇಗನೆ.

"ಮನೆಗಲ್ಲಪ್ಪ, ಹೆದರ್ಬೇಡ."

ದಾರಿಯಲ್ಲಿ ಕಾನ್‌ಸ್ಟೆಬಲ್‌ನನ್ನು ಅಂಗಡಿ ಮುಂದೆ ಇಳಿಸಿ ಇನ್ನೊಂದು ಬಾಟಲಿ ಸೂರ್ಯಕಾಂತಿ ಎಣ್ಣೆ ತರಿಸಿದರು.

"ಸ್ಟೇಷನ್ನಲ್ಲೇ ಅಡುಗೆ ಶುರು ಮಾಡ್ತೀರಾ ಸಾರ್?"

"ಬಾಯಿ ಮುಚ್ಕೊಂಡು ಎರಡನ್ನೂ ಫ್ರಿಜ್ಜಲ್ಲಿಡು. ನೀರಿನ ಬಾಟಲಿ ಬೇಕಾದ್ರೆ ಹೊರಗೆ ತೆಗಿ."

* * *

ಮರುದಿನ ಮಧ್ಯಾಹ್ನ ಅಕ್ಕ ತಮ್ಮ ಇಬ್ಬರನ್ನೂ ಕರೆಸಿದರು. ಕಾನ್‌ಸ್ಟೆಬಲ್ ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟ.

ಅಂಗಡಿಯ ಎಣ್ಣೆ ಇದ್ದ ಹಾಗೇ ತಿಳಿಯಾಗಿತ್ತು. ಒಡತಿಯ ಎಣ್ಣೆ ಮಬ್ಬಾಗಿತ್ತು. ತಳದಲ್ಲಿ ಬೆಳ್ಳಗೆ ಹಿಂಜಿದ ಹತ್ತಿಯಂಥದ್ದು ಕೂತಿತ್ತು.

ಒಡತಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಒಮ್ಮೆ ಅಲುಗಿಸಿ ನೋಡಿದಳು.

"ಇದು ಮೇಣ," ಎಂದಳು.

"ಹೌದಮ್ಮಾ. ಈ ಸೆಕೆಗೆ ಯಾವ ಎಣ್ಣೆಯಾದ್ರೂ ತಿಳಿಯಾಗೇ ಕಾಣುತ್ತೆ. ಅದಕ್ಕೇ ನೀವೂ ಮೋಸ ಹೋದ್ರಿ. ಇದು ಚಿಲ್ಲರ್‌ನಲ್ಲಿ ತಣ್ಣಗಾಗಿದ್ರೆ ಮೇಣ ಆಗಲೇ ಹೋಗಿರ್ಬೇಕಿತ್ತು. ಅಂದ್ರೆ ಫಿಟರ್ ಹೇಳಿದ್ದು ನಿಜ. ಯಂತ್ರ ಮೊದಲೇ ಸತ್ತಿತ್ತು." ಇನ್ಸ್‌ಪೆಕ್ಟರ್ ತಮ್ಮನ ಕಡೆ ತಿರುಗಿದರು. "ಕೆಟ್ಟಿದೆ ಅಂತ ತೋರಿಸ್ಬೇಕಾದವನು ಅದನ್ನ ಯಾಕಪ್ಪಾ ಒಡೀತಾನೆ? ಅವನಿಗಿದ್ದ ಸಾಕ್ಷಿ ಅದೊಂದೇ. ಚೆನ್ನಾಗಿತ್ತು ಅಂತ ಸುಳ್ಳು ಹೇಳಿದವನಿಗೆ ಮಾತ್ರ ಅದು ಪುಡಿಯಾಗ್ಬೇಕಿತ್ತು, ಕಂಪನಿಯವರು ಬರೋದಕ್ಕೆ ಮುಂಚೆ. ಇನ್ನು ಆ ತಗಡು. ಬಡಿದು ಹಾರಿದ್ರೆ ತೂತು ಹರೀತಿತ್ತು. ತೂತುಗಳು ನೆಟ್ಟಗಿವೆ. ಸಿಟ್ಟು ಬಂದವನು ಬಡೀತಾನೆ. ಕೂತು ಸ್ಕ್ರೂ ಬಿಚ್ಚಲ್ಲ. ಅದರ ಮೇಲೆ ಯಂತ್ರ ಹುಟ್ಟಿದ ವರ್ಷ ಇತ್ತು, ಅಲ್ವಾ?"



"ಹಳೇದು," ಎಂದ ತಮ್ಮ ಕೊನೆಗೆ. "ಬಣ್ಣ ಬಳಿದು ಹೊಸದು ಅಂತ ನನ್ನ ತಲೆಗೆ ಕಟ್ಟಿದ್ರು ಅಕ್ಕಾ. ಇಲ್ಲಿಗೆ ತಂದ್ಮೇಲೆ ಗೊತ್ತಾಯ್ತು. ಮೊದಲ್ನೇ ಸಲ ನೀನು ನನ್ನ ನಂಬಿ ಒಂದು ಕೆಲಸ ಕೊಟ್ಟಿದ್ದೆ. ಹೇಗೆ ಹೇಳ್ಲಿ?"

"ಹೇಳಿದ್ರೆ ಎರಡು ಬೈದು ಬೇರೆ ತರಿಸ್ತಿದ್ದೆ ಕಣೋ." ಅವಳು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟಳು. "ಇನ್ನೊಬ್ಬರ ಗಂಡನ್ನ ಒಳಗೆ ಹಾಕ್ಸಿ, ಬಂದು ನನ್ನ ಜೊತೆ ಊಟಕ್ಕೆ ಕೂತ್ಯಲ್ಲ."

ಅವನು ಅಳತೊಡಗಿದ. ಇನ್ಸ್‌ಪೆಕ್ಟರ್‌ಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಎಲ್ಲಾದರೂ ಕಾಲು ಚಾಚಿಕೊಂಡರೆ ಸಾಕು ಅನ್ನಿಸಿತು.

* * *

ತಮ್ಮ ಲಾಕಪ್ಪಿನೊಳಗೆ ಹೋದ, ಫಿಟರ್ ಹೊರಗೆ ಬಂದ. ಚಪ್ಪಲಿ ಮೆಟ್ಟಿಕೊಳ್ಳುವಾಗಲೂ ಏನೋ ಗೊಣಗಿದ. ಒಡತಿ ಕೈ ಮುಗಿದು ತಪ್ಪಾಯಿತು ಅನ್ನಹೊರಟಳು. ಅವನ ಹೆಂಡತಿ ತಡೆದಳು.

"ಬಾಯಿಮಾತು ಬೇಡ ಅಕ್ಕಾ. ಇವರು ಜೀಪು ಹತ್ತಿದ್ದನ್ನ ಬೀದಿಯೆಲ್ಲ ನೋಡಿದೆ. ನಿಮ್ಮ ಕಾರಲ್ಲಿ, ಮುಂದೆ ಕೂರಿಸ್ಕೊಂಡು ಮನೆಗೆ ಬಿಡಿ. ಜನ ಹೊರಗಿರೋ ಹೊತ್ತಲ್ಲೇ."

ಒಡತಿ ತಲೆಯಾಡಿಸಿದಳು. ಬಾಗಿಲವರೆಗೆ ಹೋದವಳು ನಿಂತು, ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ನಮ್ಮ ಹುಡುಗಂಗೆ... ಊಟ ತಂದ್ಕೊಡ್ಬಹುದಾ?"

"ತನ್ನಿ."

ಫಿಟರ್‌ನ ಹೆಂಡತಿ ಕಾರಿನ ಹತ್ತಿರ ಕಾಯುತ್ತಿದ್ದಳು.

"ಗಾಜಿನ ಡಬ್ಬಿ ಒಳಗೆ ಬಿಡಲ್ಲ ಅಕ್ಕಾ," ಎಂದಳು. "ಸ್ಟೀಲ್ ಡಬ್ಬೀಲಿ ತನ್ನಿ."