ಬಿಸಿಯಲ್ಲಿ ಕರಗಿದ್ದು

ನಾದಿನಿಯನ್ನು ಪ್ರಯೋಗಾಲಯಕ್ಕೆ ಸೇರಿಸಿದವನೂ ಅವನೇ, ಕೈಹಿಡಿದು ಕಲಿಸಿದವನೂ ಅವನೇ. "ಒಳ್ಳೆ ದ್ರಾವಕ ಬಿಸಿ ಇದ್ದಾಗ ಎಲ್ಲಾ ನುಂಗತ್ತೆ, ತಣ್ಣಗಾದ್ಮೇಲೆ ಹಾಗೇ ವಾಪಸ್ ಕೊಡತ್ತೆ. ನಿಮ್ಮಕ್ಕನ ಥರ ಅಲ್ಲ!" ಎಂದು ನಗಿಸುತ್ತಿದ್ದವನೂ ಅವನೇ. ಈಗ ಅವಳು, ಅವನು ವರ್ಷಗಟ್ಟಲೆ ಹೆಣಗಿದರೂ ಶುದ್ಧವಾಗದ ಕಂದು ಮುದ್ದೆಯಿಂದ ಹಳದಿ ಸೂಜಿಹರಳುಗಳನ್ನು ಎಬ್ಬಿಸಿದ್ದಳು. ನೀರು ಅದನ್ನು ಕರಗಿಸುತ್ತಿರಲಿಲ್ಲ. ಬೆಂಜೀನು ಕರಗಿಸಿಕೊಂಡರೆ ಬಿಟ್ಟುಕೊಡುತ್ತಿರಲಿಲ್ಲ. ಆಲ್ಕೋಹಾಲು ತೀರ ಸಾಮಾನ್ಯವೆಂದು ಅವನು ಮುಟ್ಟಿಯೇ ಇರಲಿಲ್ಲ; ಅವಳು ಮುಟ್ಟಿದ್ದಳು. ಮಧ್ಯಾಹ್ನ ಪ್ರೊಫೆಸರರು ಆ ಹರಳುಗಳನ್ನು ನೋಡಿದರೆ, ಇದ್ದ ಒಂದೇ ಕಾಯಂ ಹುದ್ದೆ ಅವಳದು.

ಎಲ್ಲರೂ ಊಟಕ್ಕೆ ಹೋದಾಗ ಅವನು ಅವಳ ಸೀಸೆಯನ್ನು ತನ್ನ ಕೋಣೆಗೆ ತಂದು ಚಿಲಕ ಹಾಕಿದ. ಹರಳುಗಳನ್ನು ಹಾಗೆಯೇ ಎಸೆಯುವುದು ಮೂರ್ಖರ ಕೆಲಸ. ಒಂದು ಹಳದಿ ಕಣ ಉಳಿದರೂ ಸಾಕ್ಷಿಯೇ. ದ್ರಾವಣಕ್ಕೆ ಆಕಾರವಿಲ್ಲ. ಅವಳು ಆರಿಸಿದ ಆಲ್ಕೋಹಾಲಿನಲ್ಲೇ ಅವಳ ಹರಳುಗಳನ್ನು ಕುದಿಸಿ, ಕಣವೂ ಕಾಣದಂತೆ ಕರಗಿಸಿ, ತನ್ನ ಸಿಂಕಿಗೆ ಸುರಿದ. ಎಚ್ಚರಿಕೆಗೆಂದು ಹಿಂದೆಯೇ ಒಂದು ಮಗ್ ತಣ್ಣೀರು ಹಾಕಿದ. ಸೀಸೆಗೆ ಹಳೆಯ ಕಂದು ಮುದ್ದೆ ತುಂಬಿ, ಇದ್ದಲ್ಲೇ ಇಟ್ಟ.

ಮಧ್ಯಾಹ್ನ ಅವಳೇ ಹೆಮ್ಮೆಯಿಂದ ಮುಚ್ಚಳ ತೆಗೆದಳು. ಪ್ರೊಫೆಸರರು ಬೆರಳಿನಿಂದ ಮುದ್ದೆಯನ್ನು ಕೆದಕಿ ಮುಖ ಸಿಂಡರಿಸಿದರು.

"ಭಾವ, ಬೆಳಿಗ್ಗೆ ನಿಮ್ಗೆ ತೋರಿಸಿದ್ನಲ್ಲ! ಹೇಳಿ ಭಾವ!"

ಅವಳ ತುಟಿ ನಡುಗುವುದನ್ನು ಅವನು ಸಾವಧಾನವಾಗಿ ಸವಿದ. "ನಾನೇನೂ ನೋಡ್ಲಿಲ್ಲಮ್ಮ. ಸುಳ್ಳು ಹೇಳ್ದೆ ಅಂತ ಒಪ್ಕೊಂಡ್ಬಿಡು. ಸರ್ ದೊಡ್ಡ ಮನಸ್ಸಿನೋರು."

"ನಾಳೆಯಿಂದ ಬರೋದು ಬೇಡ," ಎಂದರು ಪ್ರೊಫೆಸರರು.

ಅವನು ಕರವಸ್ತ್ರ ಚಾಚಿದ. ಅವಳು ಅದನ್ನು ತೆಗೆದುಕೊಂಡು "ಥ್ಯಾಂಕ್ಸ್ ಭಾವ" ಎಂದಾಗ ಅವನಿಗೆ ನಗು ತಡೆಯುವುದೇ ಕಷ್ಟವಾಯಿತು.

ಕಂದು ಅಂಟಿದ ಬೆರಳನ್ನು ಹಿಡಿದುಕೊಂಡು ಪ್ರೊಫೆಸರರು ಪಕ್ಕದಲ್ಲೇ ಇದ್ದ ಅವನ ಕೋಣೆಗೆ ಹೋಗಿ ನಲ್ಲಿ ತಿರುಗಿಸಿದರು. ಅವಳೂ ಮುಖ ತೊಳೆಯಲು ಹಿಂದೆಯೇ ಬಂದಳು. ನೀರು ಕೆಳಗಿಳಿಯಲಿಲ್ಲ, ಸಿಂಕು ತುಂಬತೊಡಗಿತು. "ಏನ್ರೀ ಕಟ್ಕೊಂಡಿದೆ ಇಲ್ಲಿ?" ಎಂದು ಅವರು ಜಾಲರಿ ಎತ್ತಿ, ಕೊಳವೆಯೊಳಗೆ ಬೆರಳು ಹಾಕಿ ಕಲಕಿದರು. ಸಿಂಕಿನ ಕೆಳಗಿನ ಕೊಳವೆಯ ಬಾಗಿನಲ್ಲಿ ಸದಾ ತಣ್ಣೀರು ನಿಂತಿರುತ್ತದೆ. ಒಳ್ಳೆಯ ದ್ರಾವಕ ಅಲ್ಲಿ ತಣ್ಣಗಾಗಿ, ನುಂಗಿದ್ದನ್ನೆಲ್ಲ ವಾಪಸ್ ಕೊಟ್ಟಿತ್ತು: ಪ್ರೊಫೆಸರರ ಬೆರಳುಗಳ ಸುತ್ತ ಹಳದಿ ಸೂಜಿಗಳು, ಅವಳು ಮಾಡಿದ್ದಕ್ಕಿಂತಲೂ ಶುದ್ಧವಾಗಿ, ಫಳಫಳನೆ ಮೇಲೇಳುತ್ತಿದ್ದವು.