ಹಾಲುಕಟ್ಟೆಹುಂಡಿಯ ಕಂದು ಸೀಸೆಗಳು

೧೯೯೮ರ ಮಾರ್ಚ್ ೧೧, ಬುಧವಾರ, ಬೆಳಿಗ್ಗೆ ಎಂಟೂ ಹತ್ತಕ್ಕೆ ರಂಗನಾಯಕ ಗುಂಡ್ಲುಪೇಟೆಯ ಠಾಣೆಗೆ ಬಂದವನೇ ಸಬ್ ಇನ್ಸ್‌ಪೆಕ್ಟರ್ ಶಾಂತರಾಜುವಿನ ಮೇಜಿನ ಮುಂದೆ ಒಂದು ಗೋಣಿಚೀಲ ಸುರಿದ. ಎಲ್ಲವೂ ಸತ್ತ ಮೀನು. ಭೀಮನಬೀಡಿನಾಚೆಯ ಹಾಲುಕಟ್ಟೆಹುಂಡಿ ಕೆರೆಯ ಮೀನು ಹಿಡಿಯುವ ಹಕ್ಕನ್ನು ಆ ವರ್ಷ ಹರಾಜಿನಲ್ಲಿ ಪಡೆದವನು ಅವನೇ. ನಾತಕ್ಕೆ ರೈಟರ್ ಮೂಗು ಮುಚ್ಚಿಕೊಂಡು ಆಚೆ ಹೋದ.

“ಯಾರೋ ಬೆಳೆಗೊಡಿಯೋ ಎಂಡ್ರಿನ್ ಉಯ್ದವ್ರೆ ಸಾ. ಇನ್ಯಾರು, ಆ ಶಿವರಾಮುನೇ. ಅರಾಜಲ್ಲಿ ಸೋತ ವಟ್ಟೆಕಿಚ್ಗೆ.”

“ನೋಡಿದ್ದೀಯಾ?”

“ಇಲ್ಲ.”

“ಹಾಗಾದ್ರೆ ನೋಡಿದಷ್ಟನ್ನ ಮಾತ್ರ ಹೇಳು.”

ಒಂಬತ್ತು ಗಂಟೆಗೆ ಎಫ್‌ಐಆರ್ ಆಯಿತು. ಸಾರ್ವಜನಿಕ ಕೆರೆಯ ನೀರು ಕೆಡಿಸಿದ್ದಕ್ಕೆ ಕಲಂ ೨೭೭, ವಿಷವಸ್ತುವಿನ ನಿರ್ಲಕ್ಷ್ಯಕ್ಕೆ ೨೮೪. ಮೀನಿಗಾಗಿ ಇಷ್ಟೊಂದು ಕಾಗದ ಖರ್ಚು ಮಾಡಬೇಕಲ್ಲ ಎಂದು ಶಾಂತರಾಜುವಿಗೆ ಬೇಸರವೇ ಆಗಿತ್ತು.

ಕೆರೆಯ ಏರಿ ಹತ್ತಿದ ಮೇಲೆ ಬೇಸರ ಇಳಿಯಿತು. ಅಲ್ಲಿ ಹತ್ತಿಪ್ಪತ್ತು ಹೆಂಗಸರು ಖಾಲಿ ಕೊಡ ಹಿಡಿದು ಸುಮ್ಮನೆ ನಿಂತಿದ್ದರು. ಊರಿನ ಒಂದೇ ಬೋರ್‌ವೆಲ್ ಕೆಟ್ಟು ಎರಡು ವರ್ಷವಾಗಿತ್ತು. ಅವರಲ್ಲಿ ಹಿರಿಯಳಾದ ದೊಡ್ಡಮಲ್ಲಮ್ಮ ಮುಂದೆ ಬಂದಳು.

“ಸಾಮಿ, ಈ ನೀರ ಕುಡಿಬೋದಾ?”

“ಪರೀಕ್ಷೆಗೆ ಕಳಿಸ್ತೀವಿ ಕಣಮ್ಮ. ವರದಿ ಬಂದ ಮೇಲೆ ನಾನೇ ಬಂದು ಹೇಳ್ತೀನಿ. ಅಲ್ಲೀವರೆಗೆ ಮುಟ್ಟಬೇಡಿ.”

ಮಾತು ಬಾಯಿಂದ ಬಿದ್ದಾಗಿತ್ತು. ಅಂದಿನಿಂದ ಹೆಂಗಸರು ಒಂದೂವರೆ ಮೈಲಿ ದೂರದ ತೋಟದ ಬಾವಿಗೆ ನಡೆದರು.

ಪಂಚನಾಮೆಯ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಗುರುಮಲ್ಲಯ್ಯ ತೂಬಿನ ಪಕ್ಕದ ಕೆಸರನ್ನು ಕಡ್ಡಿಯಲ್ಲಿ ಕೆದಕಿದ. ಬೆಳ್ಳಗೆ, ಕೆಂಪಗೆ ಕರಗಿದ ಹಿಟ್ಟು. ನಡುವೆ ಊದಿಕೊಂಡ ಕ್ಯಾಪ್ಸೂಲುಗಳು.

“ಇದು ಎಂಡ್ರಿನ್ ಅಲ್ಲ ಸಾ. ಮನುಷ್ಯರು ನುಂಗೋ ಮಾತ್ರೆ.”

ನೀರು, ಕೆಸರು, ಮೀನು ಮೂರನ್ನೂ ಅರಗಿನ ಮೊಹರು ಹಾಕಿ ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ಶಿವರಾಮು ಆ ವಾರವೆಲ್ಲ ಸಂತೆಮರಹಳ್ಳಿಯಲ್ಲಿ ಭಾವನ ಮನೆ ಕಟ್ಟುವ ಕೆಲಸದಲ್ಲಿದ್ದ. ನಾಲ್ಕು ಜನ ಸಾಕ್ಷಿ ಹೇಳಿದರು. ಅವನನ್ನು ಬಿಟ್ಟರು.

ಮಾರ್ಚ್ ೧೩ರಂದು ಹೇಳಿಕೆ ಬರೆದುಕೊಳ್ಳಲು ದೊಡ್ಡಮಲ್ಲಮ್ಮನ ಮನೆಗೆ ಹೋದಾಗ ಶಾಂತರಾಜುವಿನ ಕಣ್ಣು ಗೂಡಿನಲ್ಲಿದ್ದ ಸೀಮೆಎಣ್ಣೆಯ ಸೀಸೆಯ ಮೇಲೆ ಬಿತ್ತು. ಕಂದು ಗಾಜು. ಅರ್ಧ ಕಿತ್ತ ಚೀಟಿಯಲ್ಲಿ ‘ಸರ್ಕಾರಿ ಸರಬರಾಜು, ಮಾರಾಟಕ್ಕಲ್ಲ’ ಎಂದಿತ್ತು.

“ಇದು ಎಲ್ಲಿಂದ ಬಂತು?”

“ಆಸ್ಪತ್ರೆ ಕಸ ಗುಡ್ಸೋ ಚಿಕ್ಕಬೀರಯ್ಯ ಕೊಟ್ಟುದ್ದು. ಊರ್ಗೆಲ್ಲ ಕೊಟ್ಟವ್ನೆ. ತೊಳ್ದು ಕೊಡ್ತನೆ, ಒಳ್ಳೇವ್ನು ಕಣ್ ಸಾಮಿ.”

ಸಂಜೆಯೊಳಗೆ ಮನೆಮನೆಯಿಂದ ನಲವತ್ತೊಂದು ಸೀಸೆ ಸಿಕ್ಕವು. ಹೆಚ್ಚಿನವು ಕಜ್ಜಿಗೆ ಹಚ್ಚುವ ಔಷಧಿಯವು.

ಊರಾಚೆಯ ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ರವಿಕುಮಾರ ರಿಜಿಸ್ಟರ್ ತೆರೆದು ತೋರಿಸಿದ. ‘ಅವಧಿ ಮೀರಿದ ಔಷಧಿಗಳನ್ನು ನಾಶಪಡಿಸಲಾಯಿತು.’ ಕೆಳಗೆ ಮುದ್ದಾದ ರುಜು.

“ಹೇಗೆ ನಾಶ ಮಾಡಿದ್ರಿ?”

“ನಿಯಮದ ಪ್ರಕಾರ ಸಾರ್.”

“ಯಾವ ನಿಯಮ?”

ರವಿಕುಮಾರ ಕಡತ ತಿರುವಿದ, ಮತ್ತೆ ತಿರುವಿದ. “ನಾಶಪಡಿಸಿ ಅಂತ ಆದೇಶ ಇದೆ ಸಾರ್. ಹೇಗೆ ಅಂತ ಇಲ್ಲ. ಚಿಕ್ಕಬೀರಯ್ಯನಿಗೆ ಹೇಳಿದೆ, ಅವನು ಮಾಡಿದ.”

ವರದಿ ಬರುವ ತನಕ ಬಂಧನ ಬೇಡವೆಂದು ಸರ್ಕಲ್ ಇನ್ಸ್‌ಪೆಕ್ಟರ್ ಹೇಳಿದರು. ಬಂದ ಮೇಲೆ ಯಾರನ್ನು ಎಂದು ಶಾಂತರಾಜು ಕೇಳಿದ. “ಸುರಿದ ಕೈ ಯಾರದೋ ಅವರನ್ನ” ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗುರುಮಲ್ಲಯ್ಯ ಗೊಣಗಿದ. ಚಿಕ್ಕಬೀರಯ್ಯ ಎಲ್ಲಿಗೂ ಓಡಿಹೋಗಲಿಲ್ಲ. ದಿನವೂ ಬಂದು ಆಸ್ಪತ್ರೆಯ ಅಂಗಳ ಗುಡಿಸುತ್ತಿದ್ದ.

ಕೆರೆಯ ನೀರನ್ನು ನಡುವೆ ಇನ್ನೊಮ್ಮೆ ಕಳಿಸಿದ್ದರು. ಏಪ್ರಿಲ್ ೨೦ರಂದು ವರದಿ ತರಲು ಶಾಂತರಾಜು ತಾನೇ ಮೈಸೂರಿಗೆ ಹೋದ. ಪರೀಕ್ಷೆ ಮಾಡಿದ ಸ್ವರ್ಣಲತಾ ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ.

“ಮೀನು ಸತ್ತದ್ದು ಕಜ್ಜಿ ಔಷಧಿಯಿಂದ. ಅದು ಕೀಟನಾಶಕದ ಜಾತಿ, ಅಳೆಯೋಕೆ ಬರುತ್ತೆ. ಎರಡನೇ ಸಲದ ನೀರಿನಲ್ಲಿ ಇಳಿದುಹೋಗಿದೆ.”

“ಮಾತ್ರೆಗಳು?”

“ಅವನ್ನ ಅಳೆಯೋ ಯಂತ್ರ ನಮ್ಮಲ್ಲಿಲ್ಲ. ನೀರಲ್ಲಿ ಎಷ್ಟಿದ್ದರೆ ಅಪಾಯ ಅನ್ನೋ ಪಟ್ಟಿಯೂ ಇಲ್ಲ.”

“ಕುಡಿಯಬಹುದಾ, ಬಾರದಾ? ಅಷ್ಟು ಹೇಳಿ ಮೇಡಂ.”

“ಎರಡನ್ನೂ ಬರೆಯೋಕಾಗಲ್ಲ. ನಿಮ್ಮ ಆರೋಪಿ ಒಂದು ದಿನ ಸುರಿದ, ನಿಮಗೆ ಕಂಡಿತು. ಆಸ್ಪತ್ರೆಯ ಬಚ್ಚಲ ನೀರು ಎಲ್ಲಿಗೆ ಹರಿಯುತ್ತೆ? ಊರವರು ನುಂಗಿದ ಮಾತ್ರೆ ಮೈಯಿಂದ ಇಳಿದು ಎಲ್ಲಿಗೆ ಹೋಗುತ್ತೆ? ಅದನ್ನ ಇವತ್ತಿಗೂ ಯಾರೂ ಲೆಕ್ಕ ಹಾಕಿಲ್ಲ.”

ಏಪ್ರಿಲ್ ೨೧, ಮಧ್ಯಾಹ್ನ ಮೂರು ಗಂಟೆಗೆ ಚಿಕ್ಕಬೀರಯ್ಯನ ಬಂಧನವಾಯಿತು. ಅವನ ಮಂಚದ ಕೆಳಗೆ ಒಂದು ಚೀಲವಿತ್ತು. ಅದರ ತುಂಬ ಮಾತ್ರೆ ಬಿಡಿಸಿದ ಖಾಲಿ ಹಾಳೆಗಳು, ನೂರು ನೂರರ ಕಟ್ಟು ಮಾಡಿ ದಾರದಲ್ಲಿ ಬಿಗಿದಿದ್ದವು.

“ಒಂದೊಂದೇ ಬಿಡಿಸಿದೆಯಾ?”

“ಊ ಸಾ. ಮೂರು ದಿನ ಇಡೀತು.”

“ಹೂತು ಹಾಕಬಾರದಿತ್ತಾ?”

ಮುದುಕ ನೆಲ ನೋಡಿದ. “ಆಚೆ ವರ್ಸ ಊತಿದ್ದೆ ಸಾ, ಆಸ್ಪತ್ರೆ ಇಂದೆ. ನಾಯಿ ಕೆದಕಾಕ್ಬುಟ್ವು. ಕೆಂಪು ಮಾತ್ರೆ, ಸಕ್ರೆ ಬಳ್ದಿರ್ತದಲ್ಲ, ರಕ್ತಕ್ಕೆ ಕೊಡದು. ನನ್ ಮೊಮ್ಮಗ್ಳು ಭಾಗ್ಯ ಪೆಪ್ಪರ್‌ಮೆಂಟು ಅಂತ ಬೊಗಸೆ ತುಂಬ ತಿಂದ್ಬುಡ್ತು. ನಾಕ್ ವರ್ಸದ್ದು. ಮಾರ್ನೆ ದಿನ ಓಯ್ತು.”

ಗುರುಮಲ್ಲಯ್ಯ ಬರೆಯುವುದನ್ನು ನಿಲ್ಲಿಸಿದ.

“ನೀರ್ಗೆ ಬುಟ್ರೆ ಯಾವ್ ಮಗಿನ ಕೈಗೂ ಸಿಗಕಿಲ್ಲ ಅಂದ್ಕಂಡೆ. ಹಳೇ ದೇವ್ರ ಪಟ ನೀರ್ಗೇ ಬುಡದಿಲ್ವಾ. ಅಷ್ಟ್ ದೊಡ್ ಕೆರೆಗೆ ಇದು ವಳೇಲಿ ಉಣ್ಸೆಣ್ ಕಿವುಚ್ದಂಗೆ ಅನ್ನುಸ್ತು.”

ಶಾಂತರಾಜು ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಮುದುಕನನ್ನು ಜೀಪಿಗೆ ಹತ್ತಿಸಿದ.

ಏರಿಯ ಮೇಲೆ ಹೆಂಗಸರು ಕಾದಿದ್ದರು. ದೊಡ್ಡಮಲ್ಲಮ್ಮ ಜೀಪಿಗೆ ಅಡ್ಡ ನಿಂತಳು.

“ತೋಟದ ಬಾವಿ ಬತ್ತೋಯ್ತು ಸಾಮಿ. ವರದಿ ಬಂದದಂತೆ. ಈಗ್ಲಾದ್ರೂ ಯೋಳಿ, ಕುಡಿಬೋದಾ?”

ನೀರಿನ ಟ್ಯಾಂಕರ್ ಕೇಳಿ ಅವನು ಮೇಲಿನವರಿಗೆ ಎರಡು ಸಲ ಬರೆದಿದ್ದ. ಉತ್ತರ ಬಂದಿರಲಿಲ್ಲ. ಕುಡಿಯಬೇಡಿ ಎನ್ನಲು ಬೇರೆ ನೀರಿಲ್ಲ, ಕುಡಿಯಿರಿ ಎನ್ನಲು ಧೈರ್ಯವಿಲ್ಲ. ಕೆಳಗಿಳಿದು ಕೆರೆಯ ಅಂಚಿಗೆ ನಡೆದ. ಅವಳ ಮುಖ ನೋಡಲಾಗದೆ ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ ಕುಡಿದ. ಅದು ನಾಚಿಕೆಗೆ ಕುಡಿದ ನೀರು, ಅವಳು ಅದನ್ನೇ ಉತ್ತರವೆಂದುಕೊಂಡಳು.

“ಸಾಯೇಬ್ರೇ ಕುಡುದ್ರು, ಬನ್ರವ್ವಾ” ಎಂದು ಕೂಗಿದಳು.

ಜೀಪಿನೊಳಗಿಂದ ಚಿಕ್ಕಬೀರಯ್ಯ “ಬ್ಯಾಡ ಕಣ್ರವ್ವಾ, ಬ್ಯಾಡ” ಎಂದು ಅರಚತೊಡಗಿದ. ಪೊಲೀಸರು ಹಿಡಿದವನ ಮಾತನ್ನು ಯಾರು ಕೇಳುತ್ತಾರೆ? ಹೆಂಗಸರು ಒಬ್ಬೊಬ್ಬರಾಗಿ ಕೆಳಗಿಳಿದು ಕೊಡ ಮುಳುಗಿಸಿದರು.